ಹಾವೇರಿ ಸೀಮೆಯ ಹಾಡು, ವಾದ್ಯ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಜನಪದ ಹಾಡುಗಳು ಬಾಯಿಂದ ಬಾಯಿಗೆ ದಾಟಿ ಬಂದಿವೆ. ಗುಡಿಯ ಕಟ್ಟೆ, ಭಜನೆ, ಜಾತ್ರೆಗಳೇ ಅವುಗಳ ಪಾಠಶಾಲೆ.

ಡೊಳ್ಳು: ಟೊಳ್ಳಾದ ಮರದ ಕವಚದ ಎರಡೂ ಬಾಯಿಗೆ ಚರ್ಮ ಬಿಗಿದ ವಾದ್ಯ. ಒಂದು ಬದಿಗೆ ಕೋಲಿನ ಪೆಟ್ಟು, ಇನ್ನೊಂದಕ್ಕೆ ಅಂಗೈ ಪೆಟ್ಟು. ಬೀರೇಶ್ವರನ ಆರಾಧನೆಯೊಂದಿಗೆ ಬೆಳೆದ ಹಾಲುಮತದವರ ಕಲೆಯಿದು.

ಏಕತಾರಿ, ದಮ್ಮಡಿ: ಒಂದೇ ತಂತಿಯ ಏಕತಾರಿ ಶ್ರುತಿ ಹಿಡಿದರೆ, ಬಳೆಯಾಕಾರದ ಚೌಕಟ್ಟಿಗೆ ಚರ್ಮ ಹೊದಿಸಿದ ದಮ್ಮಡಿ ಲಯ ಕೊಡುತ್ತದೆ. ತತ್ವಪದಗಳಿಗೆ ಇವೇ ಆಸರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಸಂತ ಶರೀಫರು (1819–1889) ಈ ಪರಂಪರೆಯ ಮೇರು.

ತುಂತುಣಿ, ದಪ್ಪು: ಗೀಗೀ ಪದದ ಸಂಗಾತಿಗಳು. ಮುಖ್ಯ ಹಾಡುಗಾರ ದಪ್ಪು ಬಡಿದು ಹಾಡಿದರೆ, ಹಿಮ್ಮೇಳದವರು ತುಂತುಣಿ ಮೀಟುತ್ತ ‘ಗೀ ಗೀ’ ಎಂದು ದನಿಗೂಡಿಸುತ್ತಾರೆ.

ಡಮರುಗ: ಮಾಲತೇಶನ ಭಕ್ತರಾದ ಗೊರವರ ಕೈವಾದ್ಯ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಇದರ ನಾದ ಕೇಳಬಹುದು.

ಇಂಥ ಕಲೆಗಳ ಅಧ್ಯಯನಕ್ಕೆಂದೇ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆದರೆ ಹಾಡು ಉಳಿಯುವುದು ಹಾಡುವವರಿಂದ, ಕೇಳುವವರಿಂದ. ನಿಮ್ಮೂರಿನ ಹಿರಿಯರ ಬಳಿ ಕುಳಿತು ಒಂದು ಪದವನ್ನಾದರೂ ಕಲಿಯಿರಿ, ಮಕ್ಕಳಿಗೆ ಕಲಿಸಿರಿ.