ನಿರ್ಯಾಮಕ: ಪ್ರಾಕೃತ ಗ್ರಂಥಗಳಲ್ಲಿ ಸಮುದ್ರಯಾನದ ಪರಿಭಾಷೆ

ಭಾರತೀಯ ಸಮುದ್ರಯಾನದ ಇತಿಹಾಸವನ್ನು ಬರೆಯುವವರು ಜೈನ ಕಥಾಸಾಹಿತ್ಯವನ್ನು ಕೈಗೆತ್ತಿಕೊಂಡಾಗ ಎರಡು ಬಗೆಯ ಪ್ರಮಾದಗಳು ಸಂಭವಿಸುವುದುಂಟು. ಭಾರುಂಡಪಕ್ಷಿ, ರತ್ನದ್ವೀಪದ ದೇವತೆ ಮೊದಲಾದವುಗಳನ್ನು ಕಂಡು ಸಮಸ್ತವೂ ಕಲ್ಪಿತವೆಂದು ತಳ್ಳಿಹಾಕುವುದು ಒಂದು. ಕಥೆಯಲ್ಲಿ ಬಂದ ಪ್ರತಿಯೊಂದು ದ್ವೀಪಕ್ಕೂ ಇಂದಿನ ಭೂಪಟದಲ್ಲಿ ನೆಲೆ ಹುಡುಕುವುದು ಮತ್ತೊಂದು. ಈ ಗ್ರಂಥಗಳ ಐತಿಹಾಸಿಕ ಪ್ರಾಮಾಣ್ಯವು ಕಥಾವಸ್ತುವಿಗಿಂತ ಹೆಚ್ಚಾಗಿ ಅವುಗಳ ಪರಿಭಾಷೆಯಲ್ಲಿದೆ. ಕಥೆಯನ್ನು ಕವಿಯು ಕಲ್ಪಿಸಬಲ್ಲನು. ಹಡಗಿನ ಮೇಲೆ ದುಡಿಯುವವರ ಹೆಸರುಗಳನ್ನಾಗಲಿ ಸರಕಿನ ವಿಂಗಡಣೆಯನ್ನಾಗಲಿ ಕಲ್ಪಿಸಬೇಕಾದ ಪ್ರಯೋಜನ ಅವನಿಗಿಲ್ಲ.

ನಾಯಾಧಮ್ಮಕಹಾಓ ಆಗಮದ ಎಂಟನೆಯ ಅಧ್ಯಯನವು ಮಲ್ಲಿಯ ಚರಿತೆ. ಅದರಲ್ಲಿ ಚಂಪಾನಗರಿಯ ಅರಹನ್ನಗನೆಂಬ ಶ್ರಾವಕನು ಇತರ ನೌವಣಿಜರೊಡನೆ ಕಡಲಿಗೆ ಹೊರಡುತ್ತಾನೆ. ದೇವನೊಬ್ಬನು ಹಡಗನ್ನು ಮುಳುಗಿಸುವೆನೆಂದು ಬೆದರಿಸಿದರೂ ಅವನು ಶೀಲವ್ರತದಿಂದ ಕದಲುವುದಿಲ್ಲ. ಇದು ಪ್ರಸಿದ್ಧವಾದ ಪ್ರಸಂಗ. ಇತಿಹಾಸಕಾರನಿಗೆ ಬೇಕಾದದ್ದು ಅದರ ಹಿಂದಿನ ಸಾಲುಗಳಲ್ಲಿದೆ. ಹಡಗಿಗೆ ತುಂಬಿದ ಸರಕು ಅಲ್ಲಿ ನಾಲ್ಕು ವಿಧ: ಎಣಿಸಿ ಮಾರುವ ಗಣಿಮ, ತೂಗಿ ಮಾರುವ ಧರಿಮ, ಅಳೆದು ಮಾರುವ ಮೇಯ, ಪರೀಕ್ಷಿಸಿ ಬೆಲೆ ಕಟ್ಟುವ ಪರಿಚ್ಛೇದ್ಯ. ಹಡಗಿನ ಜನರೂ ವಿಂಗಡಿಸಲ್ಪಟ್ಟಿದ್ದಾರೆ: ಕುಚ್ಛಿಧಾರ, ಕಣ್ಣಧಾರ, ಗಬ್ಭೇಜ್ಜ ಮತ್ತು ಯಾತ್ರಿಕರಾದ ವಣಿಜರು. ವಿಕ್ರಮ ಸಂವತ್ 1120ರಲ್ಲಿ ಅಣಹಿಲಪಾಟಕದಲ್ಲಿ ಈ ಆಗಮಕ್ಕೆ ವೃತ್ತಿ ರಚಿಸಿದ ಅಭಯದೇವಸೂರಿಯ ವಿವರಣೆಯಂತೆ ಕುಕ್ಷಿಧಾರರು ಹಡಗಿನ ಪಾರ್ಶ್ವಗಳಲ್ಲಿ ನಿಯುಕ್ತರಾದವರು, ಗರ್ಭಜರು ಒಳಭಾಗದಲ್ಲಿ ಸಣ್ಣದೊಡ್ಡ ಕೆಲಸ ಮಾಡುವವರು. ಕರ್ಣಧಾರನೇ ನಿರ್ಯಾಮಕ, ಅಂದರೆ ಹಡಗನ್ನು ನಡೆಸುವವನು.

ಅದೇ ಆಗಮದ ಹದಿನೇಳನೆಯ ಅಧ್ಯಯನದಲ್ಲಿ ಬಿರುಗಾಳಿಗೆ ಸಿಕ್ಕ ನಿರ್ಯಾಮಕನು ಮತಿ, ಶ್ರುತಿ, ಸಂಜ್ಞೆಗಳನ್ನು ಕಳೆದುಕೊಂಡು ದಿಙ್ಮೂಢನಾದನೆಂಬ ವರ್ಣನೆಯಿದೆ. ದಿಕ್ಕು ಮತ್ತೆ ತಿಳಿದೊಡನೆ ಕಾಲಿಯದ್ವೀಪ ಕಾಣಿಸುತ್ತದೆ. ವಣಿಜರು ಅಲ್ಲಿ ಚಿನ್ನ, ರತ್ನಗಳನ್ನು ತುಂಬುತ್ತಾರೆ. ಕಟ್ಟಿಗೆ, ನೀರುಗಳನ್ನೂ ಮರೆಯದೆ ತುಂಬಿಕೊಂಡು ಅನುಕೂಲವಾದ ದಕ್ಷಿಣವಾತದಿಂದ ಮರಳುತ್ತಾರೆ. ದ್ವೀಪ ಯಾವುದೆಂಬ ಚರ್ಚೆ ಹಾಗಿರಲಿ. ಕಟ್ಟಿಗೆ, ನೀರು, ಗಾಳಿಯ ದಿಕ್ಕು ಇವು ಕಡಲನ್ನು ಬಲ್ಲವರಿಂದ ಕೇಳಿದ ಮಾತುಗಳು.

ಪರಿಭಾಷೆಯ ಬೆಲೆ ಎಷ್ಟೆಂಬುದಕ್ಕೆ ಅಂಗವಿಜ್ಜಾ ಉತ್ತಮ ನಿದರ್ಶನ. ಮುನಿ ಪುಣ್ಯವಿಜಯರು ಸಂಪಾದಿಸಿದ ಈ ನಿಮಿತ್ತಶಾಸ್ತ್ರಗ್ರಂಥ 1957ರಲ್ಲಿ ಪ್ರಕಟವಾಯಿತು. ಅದರಲ್ಲಿ ಜಲಯಾನಗಳನ್ನು ಗಾತ್ರಾನುಸಾರ ಹೆಸರಿಸಲಾಗಿದೆ. ಣಾವಾ, ಪೋತಗಳು ದೊಡ್ಡವು. ಕೊಟ್ಟಿಂಬ, ಸಂಘಾಡ, ತಪ್ಪಕ ಮೊದಲಾದವು ಮಧ್ಯಮ. ತುಂಬ, ಕುಂಭ, ದತಿ ಎಂಬವು, ಅಂದರೆ ಸೋರೆಬುರುಡೆ, ಮಡಕೆ, ತೊಗಲಚೀಲಗಳು, ಎಲ್ಲಕ್ಕಿಂತ ಕಿರಿಯವು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ನಲ್ಲಿ, ಭೃಗುಕಚ್ಛದ ಅಪಾಯಕರ ನದೀಮುಖಕ್ಕೆ ಬರುವ ಪರದೇಶೀ ಹಡಗುಗಳನ್ನು ರಾಜನ ಬೆಸ್ತರು ‘ತ್ರಪ್ಪಗ’, ‘ಕೊಟುಂಬ’ ಎಂಬ ದೋಣಿಗಳಲ್ಲಿ ಎದುರುಗೊಂಡು ದಾರಿ ತೋರುತ್ತಿದ್ದರೆಂಬ ಮಾತಿದೆ. ದಕ್ಷಿಣ ತೀರದ ‘ಸಂಗರ’ವೆಂಬ ಜೋಡುಮರದ ನೌಕೆಯೂ ಅಲ್ಲಿ ಉಕ್ತವಾಗಿದೆ. ತಪ್ಪಕ, ಕೊಟ್ಟಿಂಬ, ಸಂಘಾಡಗಳು ಇವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಲಿಪಿಕಾರನೊಬ್ಬನು ಅಪರಿಚಿತವಾದ ಈ ಶಬ್ದಗಳನ್ನು ಪರಿಚಿತ ಸಂಸ್ಕೃತ ಶಬ್ದಗಳಾಗಿ ‘ತಿದ್ದಿ’ದ್ದರೆ, ಅಥವಾ ಸಂಪಾದಕರು ಅಪಪಾಠವೆಂದು ಕೈಬಿಟ್ಟಿದ್ದರೆ, ಈ ಸಾಕ್ಷ್ಯವೇ ನಷ್ಟವಾಗುತ್ತಿತ್ತು.

ಉದ್ದ್ಯೋತನಸೂರಿಯು ಕ್ರಿ.ಶ. 779ರಲ್ಲಿ ಜಾಬಾಲಿಪುರದಲ್ಲಿ ಮುಗಿಸಿದ ಕುವಲಯಮಾಲಾ ಮತ್ತೊಂದು ಆಕರ. ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರು ಜೈಸಲ್ಮೇರಿನ ಓಲೆಪ್ರತಿ ಮತ್ತು ಪುಣೆಯ ಕಾಗದಪ್ರತಿಗಳ ಆಧಾರದಿಂದ ಅದನ್ನು ಸಂಪಾದಿಸಿದರು. ಮೂಲಪಾಠವು 1959ರಲ್ಲಿ ಪ್ರಕಟವಾಯಿತು. ಸೋಪಾರದ ವರ್ತಕರ ಕೂಟದಲ್ಲಿ ಒಬ್ಬೊಬ್ಬರೂ ತಮ್ಮ ವ್ಯಾಪಾರವನ್ನು ಹೇಳಿಕೊಳ್ಳುವ ಸಂದರ್ಭ ಇಲ್ಲಿ ಗಮನಾರ್ಹ. ಒಬ್ಬನು ಬರ್ಬರಕೂಲಕ್ಕೆ ಬಟ್ಟೆ ಒಯ್ದು ದಂತ, ಮುತ್ತುಗಳನ್ನು ತಂದನು; ಇನ್ನೊಬ್ಬನು ಚೀನ, ಮಹಾಚೀನಗಳಿಂದ ಪಟ್ಟೆವಸ್ತ್ರ ತಂದನು; ಮತ್ತೊಬ್ಬನು ರತ್ನದ್ವೀಪಕ್ಕೆ ಬೇವಿನೆಲೆ ಒಯ್ದು ರತ್ನಗಳನ್ನು ತಂದನು! ನಂಬತಕ್ಕದ್ದೂ ವಿಸ್ಮಯಕರವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಬೇವಿನೆಲೆಯ ಮಾತಿಗೆ ಮರುಳಾದ ಲೋಭದೇವನು ರತ್ನದ್ವೀಪಕ್ಕೆ ಹೋಗಿ, ಮರಳುವಾಗ ಲಾಭದ ಪಾಲುಗಾರನಾದ ಭದ್ರಶ್ರೇಷ್ಠಿಯನ್ನೇ ಕಡಲಿಗೆ ನೂಕುತ್ತಾನೆ. ಲೋಭಕಷಾಯದ ಫಲವನ್ನು ತೋರಿಸುವುದು ಸೂರಿಯ ಉದ್ದೇಶ. ಆದರೂ ಆ ಯಾತ್ರೆಯ ಸಿದ್ಧತೆಯನ್ನು ಹೇಳುವಾಗ ದಿನಗಣನೆ, ಲಗ್ನನಿಶ್ಚಯ, ದೇವಪೂಜೆಗಳ ಜೊತೆಯಲ್ಲಿ ಕೂವೆಯನ್ನು ನಿಲ್ಲಿಸುವುದು, ಹಾಯಿಯನ್ನು ಸಜ್ಜುಗೊಳಿಸುವುದು, ನೀರಿನ ಪಾತ್ರೆಗಳನ್ನು ತುಂಬುವುದು ಎಂಬ ಕ್ರಮವನ್ನು ಅವನು ಬಿಡಲಿಲ್ಲ.

ಪಾದವಿಹಾರಿಗಳಾದ ಮುನಿಗಳು ಕಡಲಿನ ಮಾತುಗಳನ್ನು ಇಷ್ಟು ಆಸ್ಥೆಯಿಂದ ಉಳಿಸಿಕೊಂಡುದೇಕೆ? ಆವಶ್ಯಕನಿರ್ಯುಕ್ತಿಯಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಅರ್ಹಂತರೇ ನಿರ್ಯಾಮಕರು. ಮಿಥ್ಯಾತ್ವವು ಹಡಗನ್ನು ಒಡೆಯುವ ಕಾಲಿಕಾವಾತ, ಸಮ್ಯಕ್ತ್ವವು ದಡ ಸೇರಿಸುವ ಗರ್ಜಭವಾತ, ಸಿದ್ಧಿಯು ಪಟ್ಟಣ. ಕೇಳುವ ಶ್ರಾವಕರಲ್ಲಿ ಈ ಗಾಳಿಗಳ ಹೆಸರನ್ನು ಬಲ್ಲ ವರ್ತಕರಿದ್ದುದರಿಂದಲೇ ಉಪಮೆ ಸಾರ್ಥಕವಾಯಿತು.

ದಿಗಂಬರ ಪರಂಪರೆಯ ಭಗವತೀ ಆರಾಧನೆಯೂ ಇದೇ ದಾರಿಯದು. ಕ್ಷೋಭೆಗೊಂಡ ಕಡಲಿನಲ್ಲಿ ರತ್ನ ತುಂಬಿದ ಹಡಗನ್ನು ಕಾಯುವವನಂತೆ, ಸಲ್ಲೇಖನಾವ್ರತಿಯನ್ನು ಆಚಾರ್ಯನು ಕಾಯುತ್ತಾನೆಂಬುದು ಅದರ ಮಾತು. ಅಲ್ಲಿ ‘ಣಿಜ್ಜವಗ’ ಎಂಬ ಒಂದೇ ಪ್ರಾಕೃತ ಶಬ್ದ ಇಬ್ಬರಿಗೂ ಸಲ್ಲುತ್ತದೆ. ಸಂಸ್ಕೃತಕ್ಕೆ ತರುವಾಗ ನಿರ್ಯಾಮಕ, ನಿರ್ಯಾಪಕ ಎಂದು ಎರಡಾಗಿ ಒಡೆದು ಉಪಮೆಯ ಜೀವ ಮರೆಯಾಗುತ್ತದೆ. ಈ ಆರಾಧನೆಯ ಗಾಹೆಗಳ ಬೆನ್ನಿಗೇ ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಬೆಳೆದಿವೆ ಎಂಬುದನ್ನು ನೆನೆದರೆ, ಕಡಲಿನ ಮಾತೊಂದು ಶ್ರವಣಬೆಳಗೊಳದಂತಹ ಒಳನಾಡಿನ ಸಮಾಧಿಸ್ಥಳದವರೆಗೆ ಅರ್ಥ ಪಡೆದ ಬಗೆ ತಿಳಿಯುತ್ತದೆ.

ಆದುದರಿಂದ ಭಂಡಾರಗಳ ಪ್ರತಿಗಳನ್ನು ಸಂಪಾದಿಸುವವರು ಅರ್ಥವಾಗದ ದೇಶ್ಯ ಶಬ್ದವನ್ನು ಅಶುದ್ಧವೆಂದು ಎಣಿಸದೆ ಪಾಠಾಂತರದಲ್ಲಾದರೂ ಉಳಿಸುವುದು ಕರ್ತವ್ಯ. ಆ ಹಡಗುಗಳ ಮರವು ಎಂದೋ ಕೊಳೆತುಹೋಯಿತು. ಅವುಗಳ ಹೆಸರುಗಳನ್ನು ಕಾಪಾಡಿದುದು ಓಲೆಗರಿ.