ಹಲುವಾಗಲಿನ ಹುಡುಗ, ಟಿಬೆಟ್ಟಿನ ಮಕ್ಕಳು

ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ 1902ರಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪ ಓದಿಗೆಂದು ಮೊದಲು ದಾವಣಗೆರೆಗೆ, ಬಳಿಕ ಚಿತ್ರದುರ್ಗಕ್ಕೆ ಹೋದರು. ಇಂದು ಬಸ್ಸು ಹತ್ತಿದರೆ ಮುಗಿಯುವ ಈ ಹಾದಿ ಅಂದು ಒಂದು ಸರ್ಕಾರದ ಸೀಮೆಯಿಂದ ಇನ್ನೊಂದರ ಸೀಮೆಗೆ ದಾಟುವ ಹಾದಿ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳೆಲ್ಲ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ದಾವಣಗೆರೆ, ಚಿತ್ರದುರ್ಗಗಳು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿದ್ದವು. ಭಾಷೆಯೂ ಒಂದೇ, ರೊಟ್ಟಿಯೂ ಒಂದೇ, ಆದರೆ ರಾಜ್ಯ ಬೇರೆ. ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಓದಿಗಾಗಿ ಗಡಿ ದಾಟಿದ ಈ ಹುಡುಗನ ಹೆಸರು ಮುಂದೆ ನಿಜವಾಗಿಯೂ ಪರದೇಶದಿಂದ ಬಂದ ಮಕ್ಕಳ ಕಥೆಯೊಂದಿಗೆ ಬೆಸೆದುಕೊಂಡಿತು. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ದೊಡ್ಡವರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸಕ್ಕೆ ನಿಂತರು. ಡೇರೆಗಳಲ್ಲಿ ಉಳಿದ ಮಕ್ಕಳು ಕಾಯಿಲೆ ಬಿದ್ದು ಸಾಯತೊಡಗಿದರು. ಟಿಬೆಟನ್ ವಸತಿ ಶಾಲೆಗಳ ಮೂಲ ಇರುವುದು ಇಲ್ಲಿ. ಮೊದಲ ಶಾಲೆ 1960ರಲ್ಲಿ ಮಸ್ಸೂರಿಯಲ್ಲಿ ಆರಂಭವಾಯಿತು. ಅದೇ ವರ್ಷ ಧರ್ಮಶಾಲೆಯಲ್ಲಿ ತೆರೆದ ಶಿಶುವಿಹಾರವೇ ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಆಯಿತು. ಕೇಂದ್ರ ಸರ್ಕಾರ ಈ ಮಕ್ಕಳಿಗಾಗಿಯೇ 1961ರಲ್ಲಿ ಪ್ರತ್ಯೇಕ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿತು.

ಟಿಬೆಟನ್ನರಿಗೆ ಬೈಲಕುಪ್ಪೆಯನ್ನು ಕೊಟ್ಟವರು ನಿಜಲಿಂಗಪ್ಪ ಎಂಬುದು ರೂಢಿಯ ಮಾತು. ಇಸವಿಗಳನ್ನು ನೋಡಿದರೆ ಸಂಗತಿ ಅಷ್ಟು ಸರಳವಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆಯಲ್ಲಿ ನೆಲೆ ಆರಂಭವಾದ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರು 1958ರಲ್ಲಿ ಅಧಿಕಾರ ಬಿಟ್ಟು 1962ರಲ್ಲಿ ಮರಳಿದರು. ಉತ್ತರ ಕನ್ನಡದ ಮುಂಡಗೋಡದ ನೆಲೆ 1966ರದು. ಅದು ಖಂಡಿತ ಅವರ ಕಾಲದ್ದು. ಕೀರ್ತಿ ಹಂಚುವಾಗ ಜತ್ತಿಯವರನ್ನು ಮರೆಯುವುದು ನ್ಯಾಯವಲ್ಲ.

ಕಾಡು ಕಡಿದು, ಆನೆಗಳ ಹಾವಳಿ ಸಹಿಸಿ, ಜೋಳ ಬಿತ್ತಿದ ಈ ನೆಲೆಗಳಲ್ಲಿ ಶಾಲೆಗಳೂ ಎದ್ದವು. ಅಲ್ಲಿಗೆ ಬಂದ ಮಕ್ಕಳಲ್ಲಿ ಎರಡು ಬಗೆ. ನೆಲೆಯಲ್ಲೇ ಹುಟ್ಟಿದವರು ಒಂದು ಬಗೆ. ಇನ್ನೊಂದು ಬಗೆಯ ಮಕ್ಕಳ ಪಾಡು ಕಠಿಣ. ಟಿಬೆಟ್ಟಿನಲ್ಲಿರುವ ತಂದೆತಾಯಿ, ಮಗು ತಮ್ಮ ಭಾಷೆಯಲ್ಲಿ ಕಲಿಯಲೆಂದು, ಹಿಮದ ಕಣಿವೆಗಳ ಮೂಲಕ ದಾರಿ ಬಲ್ಲವರ ಜೊತೆ ಅದನ್ನು ಕಳುಹಿಸಿಬಿಡುತ್ತಿದ್ದರು. ಕೆಲವರು ತಾವೇ ಕರೆತಂದು ಬಿಟ್ಟು ಹಿಂದಿರುಗುತ್ತಿದ್ದರು. ಆ ಮಗುವಿಗೆ ರಜೆಗೆ ಹೋಗಲು ಊರಿಲ್ಲ. ಮತ್ತೆ ಯಾವಾಗ ಭೇಟಿ ಎಂಬುದು ಯಾರಿಗೂ ಗೊತ್ತಿಲ್ಲ. 2008ರ ನಂತರ ಗಡಿಯ ಕಾವಲು ಬಿಗಿಯಾಗಿ ಹೀಗೆ ಬರುವವರ ಸಂಖ್ಯೆ ತೀರ ಇಳಿಯಿತು.

ಚಿಲ್ಡ್ರನ್ಸ್ ವಿಲೇಜ್ ಶಾಲೆಗಳಲ್ಲಿ ವಿದ್ಯಾರ್ಥಿನಿಲಯವೆಂದರೆ ಉದ್ದನೆಯ ಹಜಾರವಲ್ಲ, 'ಮನೆ'. ಮೂವತ್ತು ನಲವತ್ತು ಮಕ್ಕಳಿಗೆ ಒಬ್ಬ ಸಾಕುತಾಯಿ. ಅವಳನ್ನು 'ಆಮಾ' ಎಂದು ಕರೆಯುತ್ತಾರೆ. ದೊಡ್ಡ ಮಕ್ಕಳು ಚಿಕ್ಕವರ ತಲೆ ಬಾಚಿ, ಬಟ್ಟೆ ಒಗೆದು, ಅಕ್ಕ ಅಣ್ಣಂದಿರಾಗುತ್ತಾರೆ. ಪಠ್ಯಕ್ರಮ ಸಿಬಿಎಸ್‌ಇಯದು, ಟಿಬೆಟನ್, ಇಂಗ್ಲಿಷ್, ಹಿಂದಿ ಪಾಠದ ಭಾಷೆಗಳು. ಕನ್ನಡವನ್ನು ಹೆಚ್ಚಿನವರು ಕಲಿತದ್ದು ಸಂತೆಯಲ್ಲಿ, ಬಸ್ಸಿನಲ್ಲಿ. ಕನ್ನಡನಾಡಿನ ಶಾಲೆಯಲ್ಲಿ ಕನ್ನಡಕ್ಕೆ ಜಾಗ ಕಡಿಮೆಯಾದದ್ದು ಕೊರಗೇ ಸರಿ. ಆದರೆ ಕೈತಪ್ಪಿದ ನಾಡಿನ ಲಿಪಿಯನ್ನು ಮೊದಲು ಉಳಿಸಿಕೊಳ್ಳಬೇಕೆಂಬ ಅವರ ಅವಸರವೂ ಅರ್ಥವಾಗುವಂಥದ್ದು.

ಕಾಗದದ ಮಾತು ಬೇರೆಯೇ ಇದೆ. ಮುಂಡಗೋಡದಲ್ಲಿ ಹುಟ್ಟಿದರೂ ಬಹುಪಾಲು ಟಿಬೆಟನ್ನರು ವಿದೇಶಿಯರೆಂಬ ನೋಂದಣಿ ಪತ್ರವನ್ನೇ ಇಟ್ಟುಕೊಂಡು ಬಾಳಿದರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರಿಗೆ ಜನ್ಮದಿಂದಲೇ ಪೌರತ್ವ ಸಲ್ಲುತ್ತದೆಂದು ಕಾನೂನು ಹೇಳಿದರೂ, ಅದನ್ನು ಪಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ನೆಲೆಯ ಮಕ್ಕಳಿಗೂ ಅಗಲಿಕೆ ತಪ್ಪಿದ್ದಲ್ಲ. ಬೇಸಾಯ ಸಾಲದೆ ಎಷ್ಟೋ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕಿಳಿದವು. ದಸರಾ ದೀಪಾವಳಿಯ ಹೊತ್ತಿಗೆ ಗಂಟು ಕಟ್ಟಿಕೊಂಡು ಊರೂರಿಗೆ ಹೊರಡುವ ತಂದೆತಾಯಿ ಚಳಿ ಮುಗಿಯುವವರೆಗೆ ಮರಳುವುದಿಲ್ಲ. ಹರಪನಹಳ್ಳಿ, ಹಡಗಲಿಯವರು ಹುಬ್ಬಳ್ಳಿಗೆ ಹೋದಾಗ ಚೌಕಾಸಿ ಮಾಡಿ ಸ್ವೆಟರ್ ಕೊಳ್ಳುವ ಆ ಮಳಿಗೆಯ ಹೆಂಗಸಿನ ಮಗು, ಆ ತಿಂಗಳುಗಳಲ್ಲಿ ಅಜ್ಜಿಯ ಬಳಿಯೋ ವಿದ್ಯಾರ್ಥಿನಿಲಯದಲ್ಲೋ ಇದ್ದು, ಹೊಸ ವರ್ಷದ ಲೋಸಾರ್ ಹಬ್ಬಕ್ಕೆ ದಿನ ಎಣಿಸುತ್ತಿರುತ್ತದೆ.