ವಿಶ್ವಕಪ್ಪಿಗೆ ಮುನ್ನ: ನ್ಯೂಜಿಲೆಂಡಿನ ರಗ್ಬಿ ಚರ್ಚೆಯ ಚರಿತ್ರೆ

ರಗ್ಬಿ ವಿಶ್ವಕಪ್ ಸಮೀಪಿಸುತ್ತಿದ್ದಂತೆ ನ್ಯೂಜಿಲೆಂಡಿನಲ್ಲಿ ಏಳುವ ಚರ್ಚೆಯು ವಿಶ್ವಕಪ್ಪಿಗಿಂತ ಹೆಚ್ಚುಕಡಿಮೆ ಎಂಬತ್ತು ವರ್ಷ ಹಳೆಯದು. ಯಾವ ದೇಶದ ತಂಡ ಲಯದಲ್ಲಿದೆ, ಯಾವುದು ಬೇಗ ಮೇಲೇರಿ ಈಗಾಗಲೇ ಇಳಿಯತೊಡಗಿದೆ, ಯಾರ ಗೆಲುವನ್ನು ನಂಬಬೇಕು, ಯಾರ ಸೋಲನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಪ್ರಶ್ನೆಗಳನ್ನು ಅಲ್ಲಿನ ರೈತರು, ಬಂದರಿನ ಕೂಲಿಗಳು, ಶಾಲಾ ಮಾಸ್ತರರು ಮತ್ತು ಮಂತ್ರಿಗಳು ತಲೆಮಾರುಗಳಿಂದ ಒಂದೇ ಆಸಕ್ತಿಯಿಂದ ಚರ್ಚಿಸುತ್ತ ಬಂದಿದ್ದಾರೆ. ಹೊರಗಿನವರಿಗೆ ಇದು ಹೊತ್ತು ಕಳೆಯುವ ಹರಟೆಯಂತೆ ಕಂಡೀತು. ಆದರೆ ಭೂಪಟದ ಅಂಚಿನಲ್ಲಿದ್ದ ಸಣ್ಣ ದೇಶವೊಂದು ಜಗತ್ತಿನಲ್ಲಿ ತನ್ನ ಸ್ಥಾನವೇನೆಂದು ಅಳೆದುಕೊಂಡದ್ದು ಬಹುಮಟ್ಟಿಗೆ ಈ ಚರ್ಚೆಯ ಮೂಲಕವೇ. ಅಂದಾಜುಗಳು ಮತ್ತೆ ಮತ್ತೆ ಸುಳ್ಳಾದರೂ ಚರ್ಚೆ ಸವೆಯದೆ ಉಳಿದಿರುವುದಕ್ಕೆ ಕಾರಣವನ್ನು ಆಟದ ಸ್ವರೂಪದಲ್ಲಿಯೇ ಹುಡುಕಬೇಕಾಗುತ್ತದೆ.

ರಗ್ಬಿ ಯೂನಿಯನ್ ಎಂಬ ಈ ಆಟದಲ್ಲಿ ಪ್ರತಿ ತಂಡಕ್ಕೆ ಹದಿನೈದು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ‘ಟ್ರೈ’, ಆಟದ ಮುಖ್ಯ ಗಳಿಕೆ. ಮುಂಪಡೆಯ ಎಂಟು ಮಂದಿ ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿ, ಬಾಗಿ, ಎದುರಾಳಿಯ ಎಂಟು ಮಂದಿಯನ್ನು ತಳ್ಳುವ ವ್ಯೂಹಕ್ಕೆ ‘ಸ್ಕ್ರಮ್’ ಎಂದು ಹೆಸರು. ದೇಶ ದೇಶಗಳ ನಡುವಣ ಪಂದ್ಯವನ್ನು ಇಲ್ಲಿಯೂ ‘ಟೆಸ್ಟ್’ ಎಂದೇ ಕರೆಯುತ್ತಾರೆ, ಆದರೆ ಅದು ಎಂಬತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಮೈಗೆ ಮೈ ಅಪ್ಪಳಿಸುವ ಆಟವಾದ್ದರಿಂದ ವಾರಕ್ಕೊಂದಕ್ಕಿಂತ ಹೆಚ್ಚು ಟೆಸ್ಟ್ ಆಡಿಸುವುದು ಕಷ್ಟ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಒಂದು ತಂಡ ಇಡೀ ವರ್ಷದಲ್ಲಿ ಆಡುತ್ತಿದ್ದ ಟೆಸ್ಟುಗಳು ಬೆರಳೆಣಿಕೆಯಷ್ಟೇ, ನ್ಯೂಜಿಲೆಂಡಿಗೆ ಕೆಲವು ವರ್ಷಗಳಲ್ಲಿ ಒಂದೂ ಇರುತ್ತಿರಲಿಲ್ಲ. ಹೀಗಾಗಿ ತಂಡವೊಂದರ ಲಯವನ್ನು ತೂಗಲು ಅಭಿಮಾನಿಯ ಕೈಯಲ್ಲಿದ್ದ ಸಾಕ್ಷ್ಯ ಯಾವಾಗಲೂ ಅತ್ಯಲ್ಪ, ಮತ್ತು ಸಾಕ್ಷ್ಯ ಕಡಿಮೆಯಾದಷ್ಟೂ ನೆನಪಿನ ಕೆಲಸ ಹೆಚ್ಚಾಗುತ್ತಿತ್ತು.

ಬಹುಕಾಲದವರೆಗೆ ಜಗತ್ತಿಗೆಲ್ಲ ಒಂದೇ ಎನ್ನುವ ಪಂದ್ಯಾವಳಿಯೂ ಇರಲಿಲ್ಲ. 1871ರಲ್ಲಿ ಎಡಿನ್‌ಬರೊದ ರೇಬರ್ನ್ ಪ್ಲೇಸ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿದ ಮೇಲೆ ಪೈಪೋಟಿ ಬಹುಮಟ್ಟಿಗೆ ಎರಡೆರಡು ದೇಶಗಳ ನಡುವಿನ ಸ್ವಂತ ವ್ಯವಹಾರವಾಗಿಯೇ ಬೆಳೆಯಿತು. ಆ ಎರಡು ದೇಶಗಳು ಇಂದಿಗೂ ಸೆಣಸುವ ಕಲ್ಕತ್ತಾ ಕಪ್ ಭಾರತದ ಬೆಳ್ಳಿಯಿಂದ ಆದದ್ದು: 1873ರಲ್ಲಿ ಹುಟ್ಟಿದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಆಟಗಾರರಿಲ್ಲದೆ ಮುಚ್ಚಿದಾಗ ಅದರ ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಈ ಬಟ್ಟಲನ್ನು ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟಕ್ಕೆ ಕೊಡಲಾಯಿತು. ಆದರೆ ದಕ್ಷಿಣ ಗೋಳದ ತಂಡಗಳನ್ನು ಉತ್ತರದ ತಂಡಗಳೊಡನೆ ಹೋಲಿಸಲು ಇದ್ದ ದಾರಿ ಒಂದೇ, ತಿಂಗಳುಗಟ್ಟಲೆ ನಡೆಯುವ ಹಡಗಿನ ಪ್ರವಾಸ.

ಅಂಥ ಪ್ರವಾಸಗಳಲ್ಲಿ 1905ರದ್ದು ನ್ಯೂಜಿಲೆಂಡಿನ ಪಾಲಿಗೆ ಆದಿಪರ್ವ. ಡೇವ್ ಗ್ಯಾಲಹರ್ ನಾಯಕತ್ವದಲ್ಲಿ ಹೊರಟ ಆ ತಂಡ ಮೊದಲ ಪಂದ್ಯದಲ್ಲಿಯೇ ಡೆವನ್ ಪ್ರಾಂತ್ಯವನ್ನು 55-4ರಿಂದ ಮಣಿಸಿತು. ಕಪ್ಪು ಉಡುಪಿನ ಈ ಆಟಗಾರರಿಗೆ ‘ಆಲ್ ಬ್ಲ್ಯಾಕ್ಸ್’ ಎಂಬ ಹೆಸರು ಬಳಕೆಗೆ ಬಂದದ್ದು ಆ ಪ್ರವಾಸದಲ್ಲಿ. ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ತಂಡವನ್ನು ಎದುರಿಸುವ ವೇಳೆಗೆ ಅವರು ಒಂದು ಪಂದ್ಯವನ್ನೂ ಸೋತಿರಲಿಲ್ಲ. ವೇಲ್ಸಿನವರು ಮಾತ್ರ ಕೈಕಟ್ಟಿ ಕೂತಿರಲಿಲ್ಲ; ಸ್ಕ್ರಮ್ಮಿಗೆ ಏಳೇ ಮಂದಿಯನ್ನು ಹಾಕಿ ಒಬ್ಬನನ್ನು ಹೊರಗೆ ಮುಕ್ತವಾಗಿ ಬಿಡುವ ನ್ಯೂಜಿಲೆಂಡಿನ ವಿಧಾನವನ್ನು ಅಭ್ಯಾಸ ಮಾಡಿ ಅದನ್ನೇ ಅವರ ಮೇಲೆ ತಿರುಗಿಸಿದರು. ಡಿಕಿ ಓವನ್ ಒಂದು ಕಡೆ ಹೊರಟಂತೆ ನಟಿಸಿ ಚೆಂಡನ್ನು ಇನ್ನೊಂದು ಕಡೆಗೆ ಎಸೆದ. ಅದು ಕ್ಲಿಫ್ ಪ್ರಿಚರ್ಡ್ ಮತ್ತು ರೀಸ್ ಗೇಬ್ ಇವರ ಕೈದಾಟಿ ಟೆಡ್ಡಿ ಮಾರ್ಗನ್‌ನನ್ನು ಸೇರಿತು, ಅವನು ಅಂಚಿನಲ್ಲಿ ಓಡಿ ಟ್ರೈ ಒತ್ತಿದ. ಪಂದ್ಯದ ಅಂಕ 3-0, ಆ ಮೂರೂ ಈ ಒಂದು ಓಟದಿಂದ ಬಂದವು. ಇಳಿಹೊತ್ತಿನಲ್ಲಿ ನ್ಯೂಜಿಲೆಂಡಿನ ಬಾಬ್ ಡೀನ್ಸ್ ಗೆರೆ ಮುಟ್ಟಿದನೋ ಇಲ್ಲವೋ ಎಂಬುದು ಇಂದಿಗೂ ತೀರದ ವ್ಯಾಜ್ಯ: ತಾನು ಚೆಂಡನ್ನು ಗೆರೆಯಾಚೆ ಒತ್ತಿದ ಮೇಲೆ ವೇಲ್ಸಿನವರು ಹಿಂದಕ್ಕೆಳೆದರು ಎಂದು ಡೀನ್ಸ್ ಹೇಳಿದ, ಹಿಂದುಳಿದಿದ್ದ ರೆಫರಿ ಜಾನ್ ಡಲ್ಲಾಸ್ ಬಂದು ನೋಡಿದಾಗ ಚೆಂಡು ಗೆರೆಯ ಈಚೆಗಿತ್ತು. ಡೀನ್ಸ್ 1908ರಲ್ಲಿ ಇನ್ನೂ ಇಪ್ಪತ್ತನಾಲ್ಕರ ಹರೆಯದಲ್ಲಿ ತೀರಿಕೊಂಡ. ವ್ಯಾಜ್ಯ ಮಾತ್ರ ಅವನ ಊರಿನ ಮೂರು ತಲೆಮಾರುಗಳನ್ನು ಕಂಡಿತು.

ಒಂದು ದಶಲಕ್ಷ ಜನಸಂಖ್ಯೆಯೂ ಇರದಿದ್ದ ವಸಾಹತಿಗೆ ಕೇಬಲ್ ತಂತಿಯ ಮೂಲಕ ಬಂದ ಆ ಸುದ್ದಿ ಎರಡು ಸಂಗತಿಗಳನ್ನು ಕಲಿಸಿತು. ಇಪ್ಪತ್ತೇಳು ಗೆಲುವುಗಳ ಲಯ ಒಂದು ಮಧ್ಯಾಹ್ನದಲ್ಲಿ ಮುರಿಯಬಲ್ಲದು ಎಂಬುದು ಮೊದಲನೆಯದು. ಕಣ್ಣಾರೆ ಕಾಣದ ಪಂದ್ಯದ ಬಗ್ಗೆಯೂ ಪಕ್ಷ ಹಿಡಿದು ವಾದಿಸಬಹುದು ಎಂಬುದು ಎರಡನೆಯದು. ಮುಂದಿನ ಚರ್ಚೆಗಳೆಲ್ಲ ಈ ಎರಡರ ನಡುವೆಯೇ ಸುಳಿದಾಡಿವೆ.

ವೇಲ್ಸ್ ಮೊದಲ ಗಾಯ ಮಾಡಿತು, ಆದರೆ ನಿಜವಾದ ಅಳತೆಗೋಲಾಗಿ ನಿಂತದ್ದು ‘ಸ್ಪ್ರಿಂಗ್‌ಬಾಕ್ಸ್’ ಎಂದು ಹೆಸರಾದ ದಕ್ಷಿಣ ಆಫ್ರಿಕಾ. 1921ರ ಮೊದಲ ಸರಣಿ ಸಮನಾಯಿತು. 1937ರಲ್ಲಿ ನ್ಯೂಜಿಲೆಂಡಿಗೆ ಬಂದ ಸ್ಪ್ರಿಂಗ್‌ಬಾಕ್ಸ್ ಮೊದಲ ಟೆಸ್ಟ್ ಸೋತು, ಎರಡನೆಯದನ್ನು ಗೆದ್ದು, ಆಕ್ಲೆಂಡಿನ ಈಡನ್ ಪಾರ್ಕಿನಲ್ಲಿ ನಡೆದ ಮೂರನೆಯದರಲ್ಲಿ ಸ್ಕ್ರಮ್ ಬಲದಿಂದ 17-6ರ ಜಯ ಸಾಧಿಸಿದರು. ಆ ಸೋಲಿಗೆ ತವರಿನಲ್ಲಿ ಉತ್ತರ ಕೊಡಲು ನ್ಯೂಜಿಲೆಂಡ್ ಕಾಯಬೇಕಾದದ್ದು ಹತ್ತೊಂಬತ್ತು ವರ್ಷ. ನಡುವೆ ಮಹಾಯುದ್ಧ ಬಂತು, 1949ರ ಆಫ್ರಿಕಾ ಪ್ರವಾಸದಲ್ಲಿ ನಾಲ್ಕಕ್ಕೆ ನಾಲ್ಕು ಟೆಸ್ಟುಗಳೂ ಹೋದವು. ಆದ್ದರಿಂದ 1956ರಲ್ಲಿ ಸ್ಪ್ರಿಂಗ್‌ಬಾಕ್ಸ್ ಮತ್ತೆ ಬಂದಾಗ ದೇಶದಲ್ಲಿ ಕಂಡ ಕಾತರಕ್ಕೆ ಇಂದಿನ ಯಾವ ವಿಶ್ವಕಪ್ಪಿನ ಮುನ್ನಾದಿನವೂ ಸಾಟಿಯಾಗಲಾರದು. ಬಾನುಲಿಯಲ್ಲಿ ವಿನ್‌ಸ್ಟನ್ ಮೆಕಾರ್ಥಿಯ ವೀಕ್ಷಕ ವಿವರಣೆಯನ್ನು ಕೇಳಿ ಬೆಳೆದವರು, 1935ರಿಂದ ಪ್ರಕಟವಾಗುತ್ತಿದ್ದ ‘ರಗ್ಬಿ ಆಲ್ಮನಾಕ್’ ಎಂಬ ವಾರ್ಷಿಕ ಲೆಕ್ಕದ ಪುಸ್ತಕವನ್ನು ಮಗುಚಿ ಹಾಕಿದವರು ಪ್ರತಿ ಟೆಸ್ಟಿಗೂ ತಮ್ಮದೇ ಹದಿನೈದು ಮಂದಿಯನ್ನು ಆರಿಸುತ್ತಿದ್ದರು. ಸಂಭಾವ್ಯರ ಎರಡು ತಂಡಗಳನ್ನು ಪರಸ್ಪರ ಆಡಿಸಿ ನೋಡುವ ಆಯ್ಕೆ ಪಂದ್ಯ ಆಗ ಚರ್ಚೆಗೆ ಮುಖ್ಯ ಮೇವಾಗಿತ್ತು. ನ್ಯೂಜಿಲೆಂಡ್ ಆ ಸರಣಿಯನ್ನು 3-1ರಿಂದ ಗೆದ್ದಿತು.

ಈ ಲೆಕ್ಕಾಚಾರದ ತಳದಲ್ಲಿ ಒಂದು ಅನ್ಯಾಯವಿತ್ತು ಎಂಬುದನ್ನು ಮರೆಯುವುದು ಚರಿತ್ರೆಗೆ ಮಾಡುವ ದ್ರೋಹವಾಗುತ್ತದೆ. ದಕ್ಷಿಣ ಆಫ್ರಿಕಾದ ವರ್ಣನೀತಿಗೆ ತಲೆಬಾಗಿ ನ್ಯೂಜಿಲೆಂಡಿನ ರಗ್ಬಿ ಆಡಳಿತವು 1928, 1949 ಮತ್ತು 1960ರ ಆಫ್ರಿಕಾ ಪ್ರವಾಸಗಳಿಗೆ ತನ್ನ ನೆಲದ ಮೂಲನಿವಾಸಿಗಳಾದ ಮಾವೊರಿ ಆಟಗಾರರನ್ನು ಆರಿಸಲೇ ಇಲ್ಲ. 1924ರ ಅಜೇಯ ತಂಡದ ಬೆನ್ನೆಲುಬಾಗಿದ್ದ ಜಾರ್ಜ್ ನೆಪಿಯಾನಂಥವನೇ 1928ರಲ್ಲಿ ಮನೆಯಲ್ಲಿ ಉಳಿದ. ಅತ್ಯುತ್ತಮ ಹದಿನೈದು ಮಂದಿ ಯಾರು ಎಂದು ವಾದಿಸುತ್ತಿದ್ದ ದೇಶ ಆ ಹದಿನೈದರಲ್ಲಿ ಕೆಲವರನ್ನು ಹುಟ್ಟಿನ ಕಾರಣಕ್ಕೆ ಬಿಟ್ಟು ವಾದಿಸುತ್ತಿತ್ತು. 1960ರ ಪ್ರವಾಸಕ್ಕೆ ಮುನ್ನ ಮಾವೊರಿಗಳಿಲ್ಲದಿದ್ದರೆ ಪ್ರವಾಸವೂ ಬೇಡ ಎಂಬ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರೂ ತಂಡ ಹೊರಟೇಹೋಯಿತು. 1981ರಲ್ಲಿ ಸ್ಪ್ರಿಂಗ್‌ಬಾಕ್ಸ್ ನ್ಯೂಜಿಲೆಂಡಿಗೆ ಬಂದಾಗ ಯಾರು ಗೆಲ್ಲುತ್ತಾರೆ ಎಂಬುದನ್ನು ಕೇಳುವವರಿಗಿಂತ ಆಡಬೇಕೇ ಬೇಡವೇ ಎಂದು ಬೀದಿಗಿಳಿದವರ ದನಿ ದೊಡ್ಡದಾಗಿತ್ತು. ಹ್ಯಾಮಿಲ್ಟನ್‌ನಲ್ಲಿ ಪ್ರತಿಭಟನಕಾರರು ಮೈದಾನಕ್ಕೆ ನುಗ್ಗಿ ಪಂದ್ಯವೇ ರದ್ದಾಯಿತು, ಮನೆಮನೆಯಲ್ಲಿ ಅಪ್ಪ ಮಕ್ಕಳು ಎರಡು ಪಕ್ಷಗಳಾದರು. ಆ ವರ್ಷದ ಮೌನ ಮತ್ತು ಜಗಳಗಳ ನಂತರ ಆಟದ ಬಗೆಗಿನ ಹಳೆಯ ಮುಗ್ಧ ಚರ್ಚೆ ಪೂರ್ತಿಯಾಗಿ ಮರಳಲಿಲ್ಲ.

ಮೊದಲ ವಿಶ್ವಕಪ್ 1987ರಲ್ಲಿ ನಡೆದದ್ದು ಇಂಥ ಹಿನ್ನೆಲೆಯಲ್ಲಿ. ಹದಿನಾರು ಆಹ್ವಾನಿತ ತಂಡಗಳ ಆ ಪಂದ್ಯಾವಳಿಯ ಮೊದಲ ದಿನ ಈಡನ್ ಪಾರ್ಕ್ ತುಂಬಿರಲಿಲ್ಲ. ಆದರೆ ಡೇವಿಡ್ ಕರ್ಕ್ ನಾಯಕತ್ವದ ಆಲ್ ಬ್ಲ್ಯಾಕ್ಸ್ ಇಟಲಿಯನ್ನು 70-6ರಿಂದ ಸೋಲಿಸಿ, ಫೈನಲ್‌ನಲ್ಲಿ ಫ್ರಾನ್ಸನ್ನು 29-9ರಿಂದ ಮಣಿಸಿ, ದೇಶವನ್ನು ಮತ್ತೆ ಆಟದ ಹತ್ತಿರಕ್ಕೆ ತಂದಿತು. ಅಂದಿನಿಂದ ಚರ್ಚೆಯ ರೂಪ ಬದಲಾಯಿತು. ಹಿಂದೆ ವಾದಕ್ಕೆ ತೀರ್ಪು ಕೊಡುವವರಿರಲಿಲ್ಲ, ಆದ್ದರಿಂದ ಅದು ದಶಕಗಳ ಕಾಲ ಬಾಳುತ್ತಿತ್ತು. ಈಗ ನಾಲ್ಕು ವರ್ಷಕ್ಕೊಮ್ಮೆ ತೀರ್ಪು ಬರತೊಡಗಿತು, ಅದೂ ಸೋತವರು ಮನೆಗೆ ಹೋಗುವ ಮೂರು ಪಂದ್ಯಗಳ ಕಿರುದಾರಿಯಲ್ಲಿ.

ಆ ತೀರ್ಪು ಲಯವನ್ನು ಹೇಗೆ ತಲೆಕೆಳಗು ಮಾಡಿತೆಂಬುದಕ್ಕೆ ನ್ಯೂಜಿಲೆಂಡಿನ ಮುಂದಿನ ಇಪ್ಪತ್ತು ವರ್ಷಗಳೇ ಸಾಕ್ಷಿ. 1999ರ ಸೆಮಿಫೈನಲ್‌ನಲ್ಲಿ 24-10ರ ಮುನ್ನಡೆಯಲ್ಲಿದ್ದ ತಂಡ ಫ್ರಾನ್ಸಿಗೆ 43-31ರಿಂದ ಸೋತಿತು. 2003ರ ಜುಲೈಯಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯವನ್ನು 50-21ರಿಂದ ನೆಲಕಚ್ಚಿಸಿದ ಅದೇ ತಂಡ ನವೆಂಬರಿನ ಸೆಮಿಫೈನಲ್‌ನಲ್ಲಿ ಅದೇ ಊರಿನಲ್ಲಿ ಅದೇ ಎದುರಾಳಿಗೆ 22-10ರಿಂದ ಶರಣಾಯಿತು. ಎಲ್ಲಕ್ಕಿಂತ ನೋವಿನದು 2007ರದ್ದು. ಆಟಗಾರರ ಲಯವನ್ನು ಕಾಪಾಡಿ ಸರಿಯಾದ ತಿಂಗಳಿಗೆ ಮೇಲಕ್ಕೇರಿಸಬೇಕೆಂದು ತರಬೇತುದಾರ ಗ್ರಹಾಮ್ ಹೆನ್ರಿ 22 ಮಂದಿಯನ್ನು ಸೂಪರ್ 14 ಎಂಬ ಪ್ರಾದೇಶಿಕ ಪಂದ್ಯಾವಳಿಯ ಮೊದಲರ್ಧದಿಂದ ಹೊರಗಿಟ್ಟು ದೇಹಬಲ ಹೆಚ್ಚಿಸುವ ಕಸರತ್ತಿಗೆ ಕಳಿಸಿದ. ಈ ಯೋಜನೆಯನ್ನು ಆಗಲೇ ಹಲವರು ವಿರೋಧಿಸಿದ್ದರು. ಆಡಿಯೇ ಲಯ ಬರಬೇಕು, ಕೂತು ಬರುವುದಲ್ಲ ಎಂಬುದು ಅವರ ನಿಲುವು. ಗುಂಪು ಹಂತದಲ್ಲಿ ಸ್ಕಾಟ್ಲೆಂಡಿನ ಮೇಲೆ 40-0, ಪೋರ್ಚುಗಲ್ ಮೇಲೆ 108-13 ಗೆದ್ದ ತಂಡ, ಮೊದಲ ಪಂದ್ಯದಲ್ಲಿ ಅರ್ಜೆಂಟೀನಾಗೆ ಸೋತು ತಡವರಿಸುತ್ತಿದ್ದ ಫ್ರಾನ್ಸಿಗೆ ಕಾರ್ಡಿಫ್‌ನ ಕ್ವಾರ್ಟರ್ ಫೈನಲ್‌ನಲ್ಲಿ 20-18ರಿಂದ ಬಿತ್ತು. ಫ್ರಾನ್ಸಿನ ಒಂದು ಟ್ರೈಗೆ ಮೊದಲು ಚೆಂಡು ಮುಂದಕ್ಕೆ ಹೋಗಿತ್ತೆಂಬ, ರೆಫರಿ ಅದನ್ನು ಕಾಣಲಿಲ್ಲವೆಂಬ ದೂರು ಎದ್ದಿತು. ಅದೇ ಊರಿನಲ್ಲಿ ನೂರ ಎರಡು ವರ್ಷಗಳ ಹಿಂದಿನ ಡೀನ್ಸ್ ವ್ಯಾಜ್ಯವನ್ನು ಬಲ್ಲವರಿಗೆ ಈ ದನಿ ಹೊಸದಾಗಿ ಕೇಳಿಸಿರಲಾರದು. ವಿಚಿತ್ರವೆಂದರೆ ಹೆನ್ರಿಯ ಸ್ಥಾನಕ್ಕೆ ಅಭಿಮಾನಿಗಳಲ್ಲಿ ಹಲವರು ಬಯಸಿದ್ದವನು ಅದೇ ಮನೆತನದ ರಾಬಿ ಡೀನ್ಸ್. ಆಡಳಿತ ಹೆನ್ರಿಯನ್ನೇ ಉಳಿಸಿಕೊಂಡಿತು, ಡೀನ್ಸ್ ಆಸ್ಟ್ರೇಲಿಯದ ತರಬೇತುದಾರನಾದ, ಮತ್ತು 2011ರ ಸೆಮಿಫೈನಲ್‌ನಲ್ಲಿ ಹೆನ್ರಿಯ ತಂಡ ಅವನ ತಂಡವನ್ನು 20-6ರಿಂದ ಸೋಲಿಸಿತು.

ಲಯದ ಪಟ್ಟಿಗೆ ಎಂದೂ ಸೇರದ ಹೆಸರೊಂದು ಕಪ್ಪನ್ನು ತಂದುಕೊಟ್ಟದ್ದು ಅದೇ 2011ರಲ್ಲಿ. ಡ್ಯಾನ್ ಕಾರ್ಟರ್ ಮೊದಲುಗೊಂಡು ಒದೆಯುವ ಹೊಣೆಯ ಆಟಗಾರರು ಒಬ್ಬರಾದ ಮೇಲೊಬ್ಬರು ಗಾಯಗೊಂಡಾಗ, ಹಿಂದಿನ ವರ್ಷ ಹಾಂಗ್‌ಕಾಂಗ್‌ನಲ್ಲಿ ಆಸ್ಟ್ರೇಲಿಯದ ಎದುರು ಕೈತಪ್ಪಿದ ಪಂದ್ಯಕ್ಕಾಗಿ ಅಭಿಮಾನಿಗಳಿಂದ ಬೈಸಿಕೊಂಡಿದ್ದ ಸ್ಟೀಫನ್ ಡೊನಾಲ್ಡ್‌ಗೆ ಕರೆ ಹೋಯಿತು. ಅವನು ಆಗ ವೈಕಾಟೊ ನದಿಯಲ್ಲಿ ವೈಟ್‌ಬೇಟ್ ಎಂಬ ಸಣ್ಣ ಮೀನು ಹಿಡಿಯುತ್ತಿದ್ದ. ಫೈನಲ್‌ನಲ್ಲಿ ಅವನು ಒದ್ದ ಮೂರು ಅಂಕಗಳು 8-7ರ ಗೆಲುವಿನ ಅಂತರವನ್ನು ಕೊಟ್ಟವು. ಎದುರಾಳಿ ಫ್ರಾನ್ಸ್ ಗುಂಪು ಹಂತದಲ್ಲಿ ಟೋಂಗಾದಂಥ ಪುಟ್ಟ ದ್ವೀಪರಾಷ್ಟ್ರಕ್ಕೆ ಸೋತೂ ಫೈನಲ್ ತಲುಪಿತ್ತು.

ಅಂದಾಜನ್ನು ಲೆಕ್ಕವಾಗಿಸುವ ಯತ್ನ 2003ರ ಅಕ್ಟೋಬರಿನಲ್ಲಿ ಅಧಿಕೃತ ಶ್ರೇಯಾಂಕ ಪಟ್ಟಿಯ ರೂಪದಲ್ಲಿ ಬಂತು. ನೂರರ ಅಳತೆಯಲ್ಲಿ ತಂಡಗಳಿಗೆ ಅಂಕ ಕೊಟ್ಟು, ಪ್ರತಿ ಪಂದ್ಯದ ನಂತರ ಸೋತವರ ಅಂಕವನ್ನು ಗೆದ್ದವರಿಗೆ ವರ್ಗಾಯಿಸುವ, ತವರಿನ ತಂಡಕ್ಕೆ ಮೂರು ಅಂಕದ ಅನುಕೂಲವಿದೆ ಎಂದು ಎಣಿಸುವ, ಹದಿನೈದಕ್ಕಿಂತ ಹೆಚ್ಚು ಅಂತರದ ಜಯಕ್ಕೆ ಒಂದೂವರೆ ಪಟ್ಟು ಮತ್ತು ವಿಶ್ವಕಪ್ ಪಂದ್ಯಕ್ಕೆ ಎರಡು ಪಟ್ಟು ಬೆಲೆ ಕಟ್ಟುವ ಈ ಪದ್ಧತಿ ನ್ಯಾಯವಾದದ್ದೇ. ಆದರೂ ಅದು ವಾದವನ್ನು ಮುಗಿಸಲಿಲ್ಲ, ವಾದಕ್ಕೆ ಹೊಸ ಸರಕು ಒದಗಿಸಿತು. 2019ರಲ್ಲಿ ಒಂದನೇ ಶ್ರೇಯಾಂಕದೊಡನೆ ಜಪಾನಿಗೆ ಹೋದ ಐರ್ಲೆಂಡ್ ಆತಿಥೇಯರಿಗೆ 19-12ರಿಂದ ಸೋತು, ಕ್ವಾರ್ಟರ್ ಫೈನಲ್‌ನಲ್ಲಿ ನ್ಯೂಜಿಲೆಂಡಿಗೆ 46-14ರಿಂದ ಮಣಿಯಿತು. ಗುಂಪು ಹಂತದಲ್ಲಿ ನ್ಯೂಜಿಲೆಂಡಿಗೆ ಸೋತಿದ್ದ ದಕ್ಷಿಣ ಆಫ್ರಿಕಾ ಕಪ್ ಎತ್ತಿತು.

2023ರ ಆಗಸ್ಟ್ 25ರಂದು, ಫ್ರಾನ್ಸಿನ ವಿಶ್ವಕಪ್ಪಿಗೆ ಎರಡೇ ವಾರವಿದ್ದಾಗ, ಲಂಡನ್ನಿನ ಟ್ವಿಕನ್‌ಹ್ಯಾಮಿನಲ್ಲಿ ದಕ್ಷಿಣ ಆಫ್ರಿಕಾ ನ್ಯೂಜಿಲೆಂಡನ್ನು 35-7ರಿಂದ ಸೋಲಿಸಿತು. ಅದು ಆಲ್ ಬ್ಲ್ಯಾಕ್ಸ್ ಚರಿತ್ರೆಯಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಅಂತರದ ಸೋಲು. ಎಂಟು ಮೀಸಲು ಆಟಗಾರರಲ್ಲಿ ಏಳು ಮಂದಿಯನ್ನು ಮುಂಪಡೆಯಿಂದಲೇ ಆರಿಸಿದ್ದ ಸ್ಪ್ರಿಂಗ್‌ಬಾಕ್ಸ್, ದ್ವಿತೀಯಾರ್ಧದಲ್ಲಿ ದಣಿದ ಎದುರಾಳಿಯ ಮೇಲೆ ಹೊಸ ಸ್ಕ್ರಮ್ಮನ್ನೇ ಇಳಿಸಿತು. ನ್ಯೂಜಿಲೆಂಡಿನ ಒಬ್ಬ ಆಟಗಾರ ಕೆಂಪು ಚೀಟಿ ಪಡೆದು ಹೊರಹೋಗಿದ್ದರಿಂದ ಈ ಸೋಲನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಕೆಲವರು, ತಂಡದ ಬೇರೇ ಕೊಳೆತಿದೆಯೆಂದು ಕೆಲವರು ವಾದಿಸುತ್ತಿರುವಾಗಲೇ ತಂಡ ವಿಶ್ವಕಪ್ಪಿನ ಮೊದಲ ಪಂದ್ಯವನ್ನೂ ಫ್ರಾನ್ಸಿಗೆ 27-13ರಿಂದ ಒಪ್ಪಿಸಿತು. ಐದು ವಾರಗಳ ನಂತರ ಅದೇ ತಂಡ ಸತತ ಹದಿನೇಳು ಗೆಲುವುಗಳ ಐರ್ಲೆಂಡನ್ನು ಕ್ವಾರ್ಟರ್ ಫೈನಲ್‌ನಲ್ಲಿ 28-24ರಿಂದ ಹೊರಗಟ್ಟಿ ಫೈನಲ್ ತಲುಪಿ, ದಕ್ಷಿಣ ಆಫ್ರಿಕಾಗೆ 12-11ರಿಂದ, ಒಂದೇ ಅಂಕದಿಂದ ಸೋತಿತು. ಮುಂದಿನ ತಿಂಗಳಲ್ಲಿಯೇ ಅಹಮದಾಬಾದಿನ ಕ್ರಿಕೆಟ್ ಫೈನಲ್‌ನಲ್ಲಿ ಹತ್ತು ಗೆಲುವುಗಳ ಲಯ ಒಂದು ರಾತ್ರಿಯಲ್ಲಿ ಮುರಿದದ್ದನ್ನು ಕಂಡ ಕನ್ನಡ ಓದುಗರಿಗೆ ಆ ಸೋಲಿನ ತೂಕವನ್ನು ವಿವರಿಸಬೇಕಾಗಿಲ್ಲ.

ಆ ವಿಶ್ವಕಪ್ಪಿಗೆ ಮುನ್ನ ಅಭಿಮಾನಿಗಳು ಎತ್ತಿದ ಒಂದು ಆಕ್ಷೇಪ ಮಾತ್ರ ಅಂದಾಜಿನದಾಗಿರಲಿಲ್ಲ, ಖಚಿತವಾದದ್ದಾಗಿತ್ತು. ಗುಂಪುಗಳ ವಿಂಗಡಣೆಯನ್ನು 2020ರ ಡಿಸೆಂಬರಿನಲ್ಲಿ, ಅದೇ ವರ್ಷದ ಜನವರಿ 1ರ ಶ್ರೇಯಾಂಕವನ್ನು ಆಧರಿಸಿ ಮಾಡಿದ್ದರಿಂದ ಆರಂಭದ ವೇಳೆಗೆ ಪಟ್ಟಿಯ ಮೊದಲ ಐದು ತಂಡಗಳೂ ಕ್ವಾರ್ಟರ್ ಫೈನಲ್‌ನಲ್ಲಿ ಪರಸ್ಪರ ಎದುರಾಗುವ ಎರಡೇ ಗುಂಪುಗಳಲ್ಲಿ ಸಿಕ್ಕಿಕೊಂಡಿದ್ದವು. ಐರ್ಲೆಂಡ್ ಮತ್ತು ಫ್ರಾನ್ಸ್ ಎರಡೂ ಕ್ವಾರ್ಟರ್ ಫೈನಲ್‌ನಲ್ಲಿಯೇ ಹೊರಬಿದ್ದದ್ದಕ್ಕೆ ಅದು ಅರ್ಧ ಕಾರಣ. ಚರ್ಚೆಯ ಒತ್ತಡ ಈ ಬಾರಿ ಆಡಳಿತದ ಮೇಲೆ ಬಿದ್ದಿತು: ಆಸ್ಟ್ರೇಲಿಯದಲ್ಲಿ 2027ರಲ್ಲಿ ನಡೆಯಬೇಕಾದ, ಇಪ್ಪತ್ತರ ಬದಲು ಇಪ್ಪತ್ತನಾಲ್ಕು ತಂಡಗಳ ಪಂದ್ಯಾವಳಿಗೆ ವಿಂಗಡಣೆಯನ್ನು 2025ರ ನವೆಂಬರಿನ ಟೆಸ್ಟುಗಳು ಮುಗಿಯುವ ತನಕ ಮುಂದೂಡಲಾಯಿತು, ಕ್ವಾರ್ಟರ್ ಫೈನಲ್‌ಗೆ ಮುನ್ನ ಹದಿನಾರು ತಂಡಗಳ ಇನ್ನೊಂದು ಸುತ್ತನ್ನೂ ಸೇರಿಸಲಾಯಿತು.